ಅರ್ಧ ಬಕೆಟ್ಟಿನ ಲೆಕ್ಕ: ಮುಂಬಯಿಯಲ್ಲಿ ಕಾರು ತೊಳೆಯುವ ಕೈ ಮತ್ತು ಯಂತ್ರ

ಬೆಳಗಿನ ಐದು ಗಂಟೆಗೆ ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ವಸತಿ ಸೊಸೈಟಿಯ ಪಾರ್ಕಿಂಗಿಗೆ ಇಳಿದರೆ ಮೊದಲು ಕೇಳಿಸುವುದು ಬಕೆಟ್ಟಿನ ಹಿಡಿಯ ಕಿರುಗುಟ್ಟುವ ಸದ್ದು. ಗಾಡಿ ತೊಳೆಯುವ ಹುಡುಗ ಕಾರಿಗೆ ಅರ್ಧ ಬಕೆಟ್ಟಿನಂತೆ ನೀರು ಮತ್ತು ಎರಡು ಬಟ್ಟೆಗಳನ್ನು ಹಿಡಿದು, ಒಂದಾದ ಮೇಲೆ ಒಂದರಂತೆ ಹದಿನೆಂಟು ಕಾರುಗಳನ್ನು ಒರೆಸಿ, ಏಳೂವರೆಯ ಹೊತ್ತಿಗೆ ಪಕ್ಕದ ಕಟ್ಟಡಕ್ಕೆ ಹೊರಟುಹೋಗಿರುತ್ತಾನೆ. ಲೆಕ್ಕ ಹಾಕಿದರೆ ಒಂದು ಕಾರಿಗೆ ಸಿಗುವುದು ಸುಮಾರು ಎಂಟು ನಿಮಿಷವಷ್ಟೇ. ಆ ಎಂಟು ನಿಮಿಷಗಳಲ್ಲಿ ಕಾರಿಗೆ ಏನಾಗುತ್ತದೆ, ನಗರದ ನೀರಿಗೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಕೇಳುತ್ತೇವೆ. ಇವೆರಡನ್ನೂ ಒಟ್ಟಿಗೆ ಕೇಳದೆ ಕೈಯಲ್ಲಿ ತೊಳೆಯುವುದು ಮೇಲೋ ಯಂತ್ರದಲ್ಲಿ ತೊಳೆಸುವುದು ಮೇಲೋ ಎಂಬ ಚರ್ಚೆಗೆ ತಲೆಬುಡ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಚರ್ಚೆ ಮೂಲತಃ ಬೇರೆ ದೇಶಗಳದ್ದು. ಅಲ್ಲಿ ಕೈಯಲ್ಲಿ ತೊಳೆಯುವುದೆಂದರೆ ಕಾರಿನ ಒಡೆಯನೇ ರಜೆಯ ದಿನ ಮನೆಯ ಮುಂದೆ ಪೈಪು ಹಿಡಿದು ನಿಲ್ಲುವುದು. ಜರ್ಮನಿಯ ಅನೇಕ ಊರುಗಳಲ್ಲಿ ಸ್ಥಳೀಯ ಆಡಳಿತ ಅದನ್ನೂ ನಿರ್ಬಂಧಿಸಿದೆ. ಎಣ್ಣೆ, ಸಾಬೂನು ಬೆರೆತ ನೀರು ನೆಲಕ್ಕೆ ಇಂಗಬಾರದು, ಮಳೆನೀರಿನ ಚರಂಡಿಗೂ ಸೇರಬಾರದು ಎಂಬುದು ಅದಕ್ಕೆ ಕಾರಣ. ನಮ್ಮಲ್ಲಿಯೋ ಕೈ ಮತ್ತೊಬ್ಬರದು, ಕಾರು ನಮ್ಮದು, ನೀರು ಸೊಸೈಟಿಯದು, ಕೊಳೆನೀರು ಯಾರದೂ ಅಲ್ಲ. ಅಷ್ಟೇ ಅಲ್ಲ, ಮುಂಬಯಿಯಲ್ಲಿ ‘ಕೈಯಲ್ಲಿ ತೊಳೆಯುವುದು’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳು ಅಡಗಿವೆ: ದಿನನಿತ್ಯ ಅರ್ಧ ಬಕೆಟ್ಟಿನಲ್ಲಿ ಒರೆಸುವುದು, ವಾರಕ್ಕೊಮ್ಮೆ ಪೈಪು ಬಿಟ್ಟು ತೊಳೆಯುವುದು, ಮತ್ತು ‘ಫೋಮ್ ವಾಶ್’ ಅಂಗಡಿಗಳಲ್ಲಿ ಜೆಟ್ ಹೊಡೆದು ನೊರೆ ಹಚ್ಚಿ ಉಜ್ಜುವುದು. ಇವುಗಳ ಲಾಭನಷ್ಟ ಒಂದಕ್ಕೊಂದು ಹೋಲುವುದಿಲ್ಲ.

ಮೊದಲು ಕಾರಿನ ಮೈಯನ್ನು ನೋಡೋಣ. ಇಂದಿನ ಕಾರುಗಳ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಪದರ ಇರುತ್ತದೆ. ಈ ಕೊನೆಯ ಪದರದ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ತಲೆಕೂದಲಿಗಿಂತಲೂ ತೆಳು. ಕಾರಿಗೆ ಹೊಳಪು ಕೊಡುವುದೂ ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ನಗರದ ಧೂಳಿನಲ್ಲಿರುವ ಮರಳಿನ ಕಣವಾದರೋ ಈ ಪದರಕ್ಕಿಂತ ಎಷ್ಟೋ ಗಟ್ಟಿ. ಮೆಟ್ರೊ ಕಾಮಗಾರಿ, ಹಳೆಯ ಕಟ್ಟಡಗಳನ್ನು ಕೆಡವಿ ಹೊಸದನ್ನು ಎಬ್ಬಿಸುವ ಕೆಲಸ, ಕಾಂಕ್ರೀಟ್ ರಸ್ತೆಗಳ ಅಗೆತ ಇವೆಲ್ಲ ಸೇರಿ ಈ ಊರಿನಲ್ಲಿ ರಾತ್ರಿ ನಿಲ್ಲಿಸಿದ ಕಾರಿನ ಮೇಲೆ ಬೆಳಗಾಗುವಷ್ಟರಲ್ಲಿ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತಿರುತ್ತದೆ. 2023ರ ನವೆಂಬರಿನಲ್ಲಿ ಗಾಳಿಯ ಗುಣಮಟ್ಟ ಹದಗೆಟ್ಟಾಗ ಮಹಾನಗರ ಪಾಲಿಕೆ ಟ್ಯಾಂಕರುಗಳಲ್ಲಿ ನೀರು ತರಿಸಿ ರಸ್ತೆಗಳನ್ನೇ ತೊಳೆಸಿತ್ತು ಎಂಬುದನ್ನು ನೆನೆದರೆ ಕಾರುಗಳ ಪಾಡು ಏನೆಂದು ಊಹಿಸಬಹುದು.

ಈ ಧೂಳಿನ ಮೇಲೆ ಒದ್ದೆ ಬಟ್ಟೆ ಎಳೆದರೆ ಆಗುವುದು ಶುಚಿಯಲ್ಲ, ಸಾಣೆ. ಒಂದು ರಾತ್ರಿ ನಾನು ನನ್ನ ಕಡುನೀಲಿ ಕಾರಿನ ಬಾನೆಟ್ಟಿನ ಮೇಲೆ ಮೊಬೈಲಿನ ಟಾರ್ಚ್ ಹಿಡಿದು ನೋಡಿದೆ. ಗೀರುಗಳು ಅಡ್ಡಾದಿಡ್ಡಿಯಾಗಿರಲಿಲ್ಲ. ಮುಂದಿನ ಗಾಜಿನ ಬುಡದಿಂದ ಹೆಡ್‌ಲೈಟಿನ ತನಕ ಕಮಾನಿನ ಆಕಾರದಲ್ಲಿ, ಒಬ್ಬ ಮನುಷ್ಯ ಎಡಬದಿಯಲ್ಲಿ ನಿಂತು ಬಲಗೈಯನ್ನು ಎಷ್ಟು ದೂರ ಚಾಚಬಲ್ಲನೋ ಅಷ್ಟೇ ದೂರ, ಒಂದರೊಳಗೊಂದು ಅರ್ಧವೃತ್ತಗಳು ಇದ್ದವು. ಮೂರು ವರ್ಷ ಪ್ರತಿ ಬೆಳಗ್ಗೆ ಒಂದೇ ಕೈ ಓಡಾಡಿದ ಗುರುತು ಅದು. ಮರುದಿನ ಅವನ ಬಟ್ಟೆಯನ್ನು ನಮ್ಮ ಮನೆಯ ಬಿಳಿ ಟಬ್ಬಿನಲ್ಲಿ ಹಿಂಡಿಸಿ ಅರ್ಧ ಗಂಟೆ ಬಿಟ್ಟು ನೋಡಿದಾಗ ತಳದಲ್ಲಿ ಒಂದು ಚಮಚೆಯಷ್ಟು ಬೂದುಬಣ್ಣದ ಸಣ್ಣ ಮರಳು ಕೂತಿತ್ತು. ಹದಿನೆಂಟನೆಯ ಕಾರಿಗೆ ಬಟ್ಟೆ ತಾಗುವ ಹೊತ್ತಿಗೆ ಅದರಲ್ಲಿ ಹದಿನೇಳು ಕಾರುಗಳ ಮರಳು ಇರುತ್ತದೆ. ಇದರಲ್ಲಿ ಆ ಹುಡುಗನ ತಪ್ಪಿಲ್ಲ. ಅವನಿಗೆ ಸಿಕ್ಕಿರುವ ನೀರು, ಬಟ್ಟೆ ಮತ್ತು ಸಮಯದಲ್ಲಿ ಯಾರೇ ಮಾಡಿದರೂ ಇದೇ ಫಲ.

ಹೀಗೆ ಬಿದ್ದ ಗೀರುಗಳು ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವಾಗ ನಾವು ಪಾಲಿಶ್ ಮಾಡಿಸುತ್ತೇವೆ. ಪಾಲಿಶ್ ಗೀರನ್ನು ತುಂಬುವುದಿಲ್ಲ, ಸುತ್ತಲಿನ ಪದರವನ್ನು ಗೀರಿನ ಆಳಕ್ಕೆ ಸವೆಸುತ್ತದೆ. 40 ಮೈಕ್ರಾನಿನ ಪದರಕ್ಕೆ ಅಂಥ ಸವೆತವನ್ನು ಎಷ್ಟು ಬಾರಿ ತಾಳಿಕೊಳ್ಳುವ ಶಕ್ತಿ ಇದ್ದೀತು?

ಕೈಕೆಲಸವನ್ನೇ ಸರಿಯಾಗಿ ಮಾಡುವ ಕ್ರಮ ಒಂದಿದೆ. ಮೊದಲು ಮೈ ಮುಟ್ಟದೆ ನೀರಿನಿಂದ ಧೂಳನ್ನು ಇಳಿಸಬೇಕು; ಬಳಿಕ ಕಾರಿನ ಶಾಂಪೂ ಬೆರೆಸಿದ ಒಂದು ಬಕೆಟ್ ಮತ್ತು ಬಟ್ಟೆ ಅಲುಬಲು ಬರಿಯ ನೀರಿನ ಇನ್ನೊಂದು ಬಕೆಟ್ ಇಟ್ಟುಕೊಂಡು ಮೇಲಿನಿಂದ ಕೆಳಕ್ಕೆ ತೊಳೆಯಬೇಕು; ಚಕ್ರದ ಬಟ್ಟೆ ಬೇರೆ ಇರಬೇಕು; ಕೊನೆಗೆ ಮೈಕ್ರೊಫೈಬರ್ ಬಟ್ಟೆಯಿಂದ ನೀರು ಹೀರಿಸಬೇಕು. ಪಾತ್ರೆ ತೊಳೆಯುವ ದ್ರಾವಣ ಜಿಡ್ಡಿನ ಜೊತೆಗೆ ಬಣ್ಣದ ರಕ್ಷಣೆಗೆ ಹಚ್ಚಿದ ವ್ಯಾಕ್ಸನ್ನೂ (ಮೇಣದ ಲೇಪ) ತೆಗೆದುಬಿಡುವುದರಿಂದ ಅದು ಬೇಡ. ಇಷ್ಟನ್ನು ಒಬ್ಬರು ಶ್ರದ್ಧೆಯಿಂದ ಮಾಡಿದರೆ ಯಾವ ಯಂತ್ರವೂ ಅದಕ್ಕೆ ಸಮನಾಗದು. ಆದರೆ ಇದಕ್ಕೆ ಮುಕ್ಕಾಲು ಗಂಟೆ ಬೇಕು, ನೀರೂ ಬೇಕು. ಇಲ್ಲಿಯೇ ತೊಡಕು. ಕೈಯಲ್ಲಿ ತೊಳೆಯುವಾಗ ನೀರು ಉಳಿಸಿದಷ್ಟೂ ಬಣ್ಣ ಸವೆಯುತ್ತದೆ, ಬಣ್ಣ ಉಳಿಸಲು ಹೊರಟರೆ ನೀರು ಹರಿಯುತ್ತದೆ.

ಎಷ್ಟು ಹರಿಯುತ್ತದೆ ಎಂಬುದನ್ನು ಅಂದಾಜಿಗೆ ಬಿಡದೆ ನಾನೇ ಅಳೆದೆ. ನಮ್ಮ ಪಾರ್ಕಿಂಗಿನ ನಲ್ಲಿಗೆ ಸಿಕ್ಕಿಸಿದ ಪೈಪಿನಿಂದ 15 ಲೀಟರಿನ ಬಕೆಟ್ ತುಂಬಲು ಒಂದು ನಿಮಿಷ ಹತ್ತು ಸೆಕೆಂಡ್ ಹಿಡಿಯಿತು. ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 13 ಲೀಟರ್. ಹತ್ತು ನಿಮಿಷ ಪೈಪು ಬಿಟ್ಟರೆ 130 ಲೀಟರ್ ಆಯಿತು. ಮಹಾನಗರಗಳಲ್ಲಿ ಒಬ್ಬ ವ್ಯಕ್ತಿಗೆ ದಿನಕ್ಕೆ 150 ಲೀಟರ್ ನೀರು ಒದಗಿಸಬೇಕೆಂಬುದು ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿಯ ಮಾನದಂಡ. ಒಂದು ಕಾರಿನ ಸ್ನಾನಕ್ಕೆ ಒಬ್ಬ ಮನುಷ್ಯನ ಇಡೀ ದಿನದ ಪಾಲು ಸರಿಸುಮಾರು ಮುಗಿದುಹೋಗುತ್ತದೆ. ವಿಚಿತ್ರವೆಂದರೆ ಅಬ್ಬರದಿಂದ ನೀರು ಚಿಮ್ಮಿಸುವ ಜೆಟ್ ಪಂಪು ಇದಕ್ಕಿಂತ ಮಿತವ್ಯಯಿ: ಮನೆಬಳಕೆಯ ಜೆಟ್ ನಿಮಿಷಕ್ಕೆ ಆರೇಳು ಲೀಟರಷ್ಟೇ ತೆಗೆದುಕೊಂಡು, ಒತ್ತಡದ ಬಲದಿಂದ ಮರಳನ್ನು ಮುಟ್ಟದೆಯೇ ಇಳಿಸುತ್ತದೆ. ಸದ್ದು ಕೇಳಿ ನೀರು ಪೋಲಾಗುತ್ತಿದೆ ಎಂದು ಬೈಯುವ ಸೆಕ್ರೆಟರಿಗಳು ಸದ್ದಿಲ್ಲದೆ ಸುರಿಯುವ ಪೈಪಿನ ಮುಂದೆ ಮೌನವಾಗಿ ಹಾದುಹೋಗುವುದನ್ನು ನಾನು ಕಂಡಿದ್ದೇನೆ.

ಇನ್ನು ಯಂತ್ರ. ಸ್ವಯಂಚಾಲಿತ ಕಾರ್ ವಾಶ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಕಾರು ನಿಂತಲ್ಲೇ ನಿಂತಿದ್ದು ಬ್ರಷ್ಷುಗಳನ್ನು ಹೊತ್ತ ಚೌಕಟ್ಟು ಹಿಂದೆ ಮುಂದೆ ಚಲಿಸುತ್ತದೆ. ಇನ್ನೊಂದರಲ್ಲಿ ಸುರಂಗದಂಥ ಜಾಗದೊಳಗೆ ಸರಪಳಿಯೊಂದು ಕಾರನ್ನೇ ಎಳೆದೊಯ್ಯುತ್ತದೆ. ಹಳೆಯ ನೈಲಾನ್ ಬ್ರಷ್ಷುಗಳು ಬಣ್ಣ ಗೀರುತ್ತಿದ್ದವು ಎಂಬ ಅಪವಾದ ನಿಜವೇ. ಈಗ ಮೆತ್ತನೆಯ ಫೋಮ್ ಪಟ್ಟಿಗಳು ಬಂದಿವೆ. ಆದರೂ ಮಳೆಗಾಲದಲ್ಲಿ ಕರ್ಜತ್ ಕಡೆಯ ಕೆಸರು ಮೆತ್ತಿಕೊಂಡು ಬಂದ ಜೀಪೊಂದು ನಿಮಗಿಂತ ಮೊದಲು ಒಳಹೊಕ್ಕಿದ್ದು, ಅದಕ್ಕೆ ಮುಂಚಿತವಾಗಿ ಜೆಟ್ ಹೊಡೆದಿರದಿದ್ದರೆ, ಆ ಕೆಸರಿನ ಪಾಲು ನಿಮ್ಮ ಕಾರಿಗೂ ಬರುತ್ತದೆ. ಬ್ರಷ್ ಇಲ್ಲದೆ ಬರಿಯ ಒತ್ತಡದ ನೀರಿನಿಂದ ತೊಳೆಯುವ ಯಂತ್ರಗಳೂ ಇವೆ. ಉಜ್ಜುವ ಕೆಲಸವನ್ನು ಅಲ್ಲಿ ರಾಸಾಯನಿಕ ಮಾಡಬೇಕಾದ್ದರಿಂದ ಅದರ ಖಾರ ಹೆಚ್ಚು, ವ್ಯಾಕ್ಸ್ ಬೇಗ ಕಳೆಯುತ್ತದೆ. ಯಂತ್ರದ ನಿಜವಾದ ಮೇಲುಗೈ ಕಾಣುವುದು ಕಾರಿನ ಕೆಳಹೊಟ್ಟೆಯಲ್ಲಿ. ವರಳಿ, ಮರೀನ್ ಡ್ರೈವ್ ಕಡೆ ದಿನವೂ ಓಡಾಡುವ ಕಾರಿಗೆ ಕಡಲ ಗಾಳಿಯ ಉಪ್ಪು, ಜೂನ್‌ನಿಂದ ಸೆಪ್ಟೆಂಬರಿನವರೆಗೆ ರಸ್ತೆಯ ರಾಡಿ, ಎರಡೂ ಅಂಟಿಕೊಳ್ಳುವುದು ಅಡಿಭಾಗಕ್ಕೆ ಮತ್ತು ಚಕ್ರದ ಕಮಾನಿಗೆ. ಅರ್ಧ ಬಕೆಟ್ಟಿನ ಬಟ್ಟೆ ಅಲ್ಲಿಗೆ ಎಂದೂ ಮುಟ್ಟುವುದಿಲ್ಲ, ತುಕ್ಕು ಹಿಡಿಯುವುದು ಮಾತ್ರ ಅಲ್ಲಿಂದಲೇ.

ಹಾಗಿದ್ದರೆ ಇಷ್ಟು ಕಾರುಗಳಿರುವ ಊರಿನಲ್ಲಿ ಇಂಥ ಯಂತ್ರಗಳು ಏಕೆ ಅಪರೂಪ? ಇದಕ್ಕೆ ಉತ್ತರ ತಂತ್ರಜ್ಞಾನದಲ್ಲಿ ಇಲ್ಲ, ನೆಲದ ಬೆಲೆಯಲ್ಲಿ ಇದೆ. ಸುರಂಗದ ಬಗೆಗೆ ಇಪ್ಪತ್ತೈದು ಮೂವತ್ತು ಮೀಟರ್ ಉದ್ದದ ಜಾಗ ಬೇಕು, ಕಾರುಗಳು ಸಾಲು ನಿಲ್ಲಲು ಇನ್ನಷ್ಟು ಬೇಕು. ಮುಂಬಯಿಯಲ್ಲಿ ಅಷ್ಟು ಜಾಗ ಸಿಕ್ಕವರು ಅಲ್ಲಿ ಕಾರು ತೊಳೆಯುವುದಿಲ್ಲ, ಕಟ್ಟಡ ಕಟ್ಟುತ್ತಾರೆ. ಎರಡನೆಯ ಕಾರಣ ಕೂಲಿ. ನಮ್ಮ ಸೊಸೈಟಿಯಲ್ಲಿ ಒಂದು ಕಾರಿಗೆ ತಿಂಗಳಿಗೆ 600 ರೂಪಾಯಿ. ಆ ದುಡ್ಡಿಗೆ ಯಂತ್ರದಲ್ಲಿ ತಿಂಗಳಿಗೆ ಎರಡು ಸಲ ತೊಳೆಸುವುದೂ ಕಷ್ಟ. ಹಾಗಾಗಿ ‘ಆಟೋಮ್ಯಾಟಿಕ್’ ಎಂದು ದೊಡ್ಡದಾಗಿ ಬರೆದ ಬೋರ್ಡಿನ ಹಿಂದೆಯೂ ಹಲವೆಡೆ ಇರುವುದು ಒಂದು ಜೆಟ್, ಒಂದು ನೊರೆಯ ಸಿಲಿಂಡರ್ ಮತ್ತು ಗಂಬೂಟು ಹಾಕಿದ ಮೂವರು ಹುಡುಗರು.

ನೀರಿನ ಲೆಕ್ಕದಲ್ಲಿ ಯಂತ್ರವೇನೂ ತಾನಾಗಿಯೇ ಸಾಧುವಲ್ಲ. ಒಂದು ಕಾರಿಗೆ 150ರಿಂದ 200 ಲೀಟರ್ ಬಳಸುವುದು ಸಾಮಾನ್ಯ, ಅಂದರೆ ನಮ್ಮ ಪೈಪಿಗಿಂತ ಹೆಚ್ಚೇ. ವ್ಯತ್ಯಾಸ ಬರುವುದು ಆ ನೀರು ಹಿಂತಿರುಗಿ ಬಂದರೆ ಮಾತ್ರ. ಸರಿಯಾಗಿ ಕಟ್ಟಿದ ಘಟಕದಲ್ಲಿ ಕೊಳೆನೀರು ನೆಲದಡಿಯ ಗುಂಡಿಗಳಲ್ಲಿ ಒಂದೊಂದಾಗಿ ಹಾದು ಮರಳು ಮತ್ತು ಕೆಸರನ್ನು ಕೆಳಗೆ ಬಿಡುತ್ತದೆ, ತೇಲುವ ಎಣ್ಣೆಯನ್ನು ಬೇರ್ಪಡಿಸಲಾಗುತ್ತದೆ, ಸೋಸುವಿಕೆ ಮತ್ತು ವಾಸನೆ ತಡೆಯುವ ಸಂಸ್ಕರಣೆಯ ನಂತರ ಅದೇ ನೀರು ಮುಂದಿನ ಕಾರಿನ ಮೊದಲ ತೊಳೆತಕ್ಕೆ ಬರುತ್ತದೆ. ಕೊನೆಯ ಸುತ್ತಿಗೆ ಮಾತ್ರ ಹೊಸ ನೀರು ಬೇಕು, ಏಕೆಂದರೆ ಮರುಬಳಕೆಯ ನೀರಿನಲ್ಲಿ ಕರಗಿದ ಲವಣಗಳು ಉಳಿದು, ಒಣಗಿದ ಮೇಲೆ ಬಿಳಿ ಚುಕ್ಕೆಗಳಾಗುತ್ತವೆ. ಬೋರ್‌ವೆಲ್ ನೀರಿನಲ್ಲಿ ತೊಳೆದ ಕಾರುಗಳ ಗಾಜಿನ ಮೇಲೆ ಕಾಣುವ ಚುಕ್ಕೆಗಳೂ ಇವೇ. ಹೀಗೆ ಮುಕ್ಕಾಲು ಭಾಗ ನೀರು ಮರಳಿ ಬಂದರೆ ಒಂದು ಕಾರಿಗೆ ತಗಲುವ ಹೊಸ ನೀರು 40-50 ಲೀಟರಿಗೆ ಇಳಿಯುತ್ತದೆ. ಆಗ ಮಾತ್ರ ಬಣ್ಣ ಮತ್ತು ನೀರು ಎರಡೂ ಉಳಿದವು ಎನ್ನಬಹುದು.

ಮರುಬಳಕೆ ಇದೆ ಎಂದು ಗೋಡೆಯ ಮೇಲೆ ಬರೆದಿದ್ದರೆ ಸಾಲದು. ನಮ್ಮ ಕಡೆಯ ಒಂದು ಜಾಗದಲ್ಲಿ ಹಾಗೆ ಬರೆದಿದ್ದುದನ್ನು ಕಂಡು ಗುಂಡಿ ತೋರಿಸಿ ಎಂದು ಕೇಳಿದೆ. ಅಲ್ಲಿನವರು ಸಂಕೋಚವಿಲ್ಲದೆ ಮುಚ್ಚಳ ಎತ್ತಿದರು. ಒಳಗೆ ಒಣ ಎಲೆಗಳೂ ಒಂದು ಒಡೆದ ಮಗ್ಗೂ ಇದ್ದವು. ತೊಳೆದ ನೀರು ನೇರವಾಗಿ ರಸ್ತೆಬದಿಯ ಚರಂಡಿಗೆ ಇಳಿಯುತ್ತಿತ್ತು. ಇದು ಸಣ್ಣ ಸಂಗತಿಯಲ್ಲ. ಮುಂಬಯಿಯಲ್ಲಿ ಮಳೆನೀರಿನ ಚರಂಡಿ ಬೇರೆ, ಒಳಚರಂಡಿ ಬೇರೆ. ಕಾಂಪೌಂಡಿನ ತೂಬಿನಿಂದ ಹೊರಟ ಎಣ್ಣೆ, ಬ್ರೇಕಿನ ಲೋಹದ ಪುಡಿ, ಟೈರಿನ ಸವೆತ, ಸಾಬೂನು ಎಲ್ಲವೂ ನಾಲೆಗಳ ಮೂಲಕ ನಮ್ಮ ಮುಲುಂಡಿನಿಂದಾದರೆ ಠಾಣೆ ಖಾರಿಗೆ ಸೇರುತ್ತವೆ. ಚಳಿಗಾಲದಲ್ಲಿ ಫ್ಲೆಮಿಂಗೊ ಹಕ್ಕಿಗಳು ಬಂದಿಳಿಯುವ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗ ಅದು. ಕುರ್ಲಾ, ಸಾಕಿನಾಕಾ ಕಡೆಯ ಗ್ಯಾರೇಜುಗಳ ನೀರು ಮೀಠಿ ನದಿಗೆ ಹೋಗುತ್ತದೆ. ಆ ನದಿ ಹುಟ್ಟುವುದಾದರೋ ವಿಹಾರ್ ಮತ್ತು ಪವಯಿ ಕೆರೆಗಳ ಕೋಡಿ ನೀರಿನಿಂದ. ಆ ಪೈಕಿ ವಿಹಾರ್ ಇಂದಿಗೂ ನಗರಕ್ಕೆ ಕುಡಿಯುವ ನೀರು ಕೊಡುವ ಏಳು ಜಲಾಶಯಗಳಲ್ಲಿ ಒಂದು.

ಆ ಏಳು ಜಲಾಶಯಗಳ ಮಾತಿಗೆ ಬಂದರೆ ಒಂದು ಪ್ರಾಮಾಣಿಕ ಲೆಕ್ಕವನ್ನೂ ಹೇಳಬೇಕು. ಭಾತ್ಸಾ, ಅಪ್ಪರ್ ವೈತರಣಾ, ಮಿಡ್ಲ್ ವೈತರಣಾ, ಮೋಡಕ್ ಸಾಗರ್, ತಾನ್ಸಾ, ವಿಹಾರ್, ತುಳಸಿ ಸೇರಿ ನಗರಕ್ಕೆ ದಿನಕ್ಕೆ ಸುಮಾರು 3,900 ದಶಲಕ್ಷ ಲೀಟರ್ ನೀರು ಕೊಡುತ್ತವೆ; ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾತ್ಸಾದ್ದೇ. ಒಂದು ಲಕ್ಷ ಕಾರುಗಳನ್ನು ಒಂದೇ ದಿನ ಪೈಪು ಬಿಟ್ಟು ತೊಳೆದರೂ ಖರ್ಚಾಗುವುದು 13 ದಶಲಕ್ಷ ಲೀಟರ್, ಅಂದರೆ ಶೇಕಡಾ ಅರ್ಧಕ್ಕೂ ಕಡಿಮೆ. ಸೋರಿಕೆಯಲ್ಲಿ ಮತ್ತು ಕಳವಿನಲ್ಲಿ ಹೋಗುವ ನೀರು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಕಾರು ತೊಳೆಯುವವರೇ ಊರನ್ನು ಒಣಗಿಸುತ್ತಿದ್ದಾರೆ ಎಂದು ಕೂಗಾಡುವುದು ಸರಿಯಲ್ಲ. ಆದರೆ ನೀರಿನ ಬರ ಅನುಭವಕ್ಕೆ ಬರುವುದು ಜಲಾಶಯದಲ್ಲಿ ಅಲ್ಲ, ಕಟ್ಟಡದ ಟಾಕಿಯಲ್ಲಿ. ನಮ್ಮಲ್ಲಿ ನೀರು ಬರುವುದು ಬೆಳಗ್ಗೆ ಕೆಲವೇ ಗಂಟೆ. 2024ರ ಬೇಸಿಗೆಯ ಕೊನೆಗೆ ಜಲಾಶಯಗಳು ತಳ ಕಂಡಾಗ ಪಾಲಿಕೆ ಮೇ 30ರಿಂದ ಶೇಕಡಾ 5, ಜೂನ್ 5ರಿಂದ ಶೇಕಡಾ 10 ಕಡಿತ ಜಾರಿಗೆ ತಂದಿತು. 2025ರ ಏಪ್ರಿಲಿನಲ್ಲಿ ಅಂತರ್ಜಲದ ನಿಯಮಗಳನ್ನು ವಿರೋಧಿಸಿ ಟ್ಯಾಂಕರಿನವರು ಮುಷ್ಕರ ಹೂಡಿದಾಗ, ಟ್ಯಾಂಕರನ್ನೇ ನಂಬಿದ ಸೊಸೈಟಿಗಳಲ್ಲಿ ಪಾರ್ಕಿಂಗಿನ ನಲ್ಲಿಯ ಹಿಡಿಯನ್ನೇ ಕಳಚಿಟ್ಟಿದ್ದುಂಟು. ನಮ್ಮ ರಾಜಧಾನಿಯ ಕತೆ ಕನ್ನಡಿಗರಿಗೆ ಗೊತ್ತೇ ಇದೆ: 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು.

ಕುಡಿಯಲು ಯೋಗ್ಯವಾದ ನೀರನ್ನೇ ಕಾರಿಗೆ ಏಕೆ ಸುರಿಯಬೇಕು ಎಂಬ ಪ್ರಶ್ನೆಗೆ ಉತ್ತರ ಮುಂದಿನ ವರ್ಷಗಳಲ್ಲಿ ಬದಲಾಗಬಹುದು. ವರಳಿ, ಬಾಂದ್ರಾ, ಧಾರಾವಿ, ವರ್ಸೋವಾ, ಮಲಾಡ್, ಘಾಟ್ಕೋಪರ್, ಭಾಂಡುಪ್‌ಗಳಲ್ಲಿ ಏಳು ದೊಡ್ಡ ಕೊಳಚೆನೀರು ಶುದ್ಧೀಕರಣ ಘಟಕಗಳಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿದೆ. ಅಲ್ಲಿಂದ ಬರುವ ಸಂಸ್ಕರಿಸಿದ ನೀರಿಗೆ ಗಿರಾಕಿ ಬೇಕು, ಕಾರ್ ವಾಶ್‌ಗಳು ಅದಕ್ಕೆ ತಕ್ಕ ಗಿರಾಕಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಅರೆಬರೆ ಶುದ್ಧವಾದ ನೀರನ್ನು ಜೆಟ್ಟಿನಲ್ಲಿ ಹೊಡೆದರೆ ಅದು ಮಂಜಾಗಿ ಗಾಳಿಗೆ ಸೇರಿ ತೊಳೆಯುವವನ ಶ್ವಾಸಕ್ಕೇ ಹೋಗುತ್ತದೆ. ನಮ್ಮ ದೊಡ್ಡ ಸೊಸೈಟಿಗಳಲ್ಲಿರುವ ಸಣ್ಣ ಘಟಕಗಳ ನೀರನ್ನು ಹಾಗೆ ಬಳಸುವ ಮುನ್ನ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಈಗ ಎಲ್ಲವನ್ನೂ ಒಂದು ತಿಂಗಳಿಗೆ ಹಾಕಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ದಿನಕ್ಕೆ ಅರ್ಧ ಬಕೆಟ್, ಅಂದರೆ ಸುಮಾರು 8 ಲೀಟರಿನಂತೆ, 26 ದಿನಕ್ಕೆ 208 ಲೀಟರ್. ವಾರಕ್ಕೊಮ್ಮೆ ಪೈಪಿನಲ್ಲಿ ತೊಳೆದರೆ 520 ಲೀಟರ್. ಮರುಬಳಕೆ ಇರುವ ಯಂತ್ರದಲ್ಲಿ ಎರಡು ಬಾರಿ ತೊಳೆಸಿದರೆ ನೂರರೊಳಗೆ. ಮರುಬಳಕೆ ಇಲ್ಲದ ಯಂತ್ರದಲ್ಲಾದರೆ ಮುನ್ನೂರರಿಂದ ನಾನ್ನೂರು. ಅರ್ಧ ಬಕೆಟ್ಟಿನ ಪದ್ಧತಿ ನೀರಿನಲ್ಲಿ ಕೆಟ್ಟದ್ದಲ್ಲ, ಬಣ್ಣಕ್ಕೆ ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು. ಅದರ ದೋಷ ಕೈಯಲ್ಲಿ ಇಲ್ಲ, ಅದು ಪ್ರತಿದಿನ ನಡೆಯುವುದರಲ್ಲಿ ಇದೆ. ಎರಡು ದಿನಕ್ಕೆ ಒಮ್ಮೆ, ಒಂದು ಬಕೆಟ್ ತುಂಬ ನೀರಿನಲ್ಲಿ, ಧೂಳನ್ನು ಮೊದಲು ಇಳಿಸಿ ಆಮೇಲೆ ಒರೆಸಿದರೆ ಅದೇ 200 ಲೀಟರಿನಲ್ಲಿ ಕಾರಿನ ಮೈ ಅರ್ಧದಷ್ಟು ಕಡಿಮೆ ಸವೆಯುತ್ತದೆ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಎರಡು ಸಲ, ಕೆಳಹೊಟ್ಟೆ ತೊಳೆಯಬಲ್ಲ ಯಂತ್ರಕ್ಕೆ ಒಯ್ದರೆ ಸಾಕು. ಆದರೆ ದಿನಗಳನ್ನು ಕಡಿಮೆ ಮಾಡಿದ ಕೂಡಲೇ ಸಂಬಳ ಕಡಿಮೆ ಮಾಡುವ ಆಸೆ ಹುಟ್ಟುತ್ತದೆ; ಹಾಗೆ ಮಾಡಿದರೆ ಆ ಹುಡುಗ ಇನ್ನಷ್ಟು ಕಾರು ಹಿಡಿದು ಎಂಟು ನಿಮಿಷವನ್ನು ಐದಕ್ಕೆ ಇಳಿಸುತ್ತಾನೆ, ನಾವು ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತೇವೆ.

ಸೊಸೈಟಿಯ ಸಭೆಯಲ್ಲಿ ನಾನು ಇದನ್ನು ಪ್ರಸ್ತಾಪಿಸಿದಾಗ ಕುಂದಾಪುರ ಕಡೆಯ ಹಿರಿಯರೊಬ್ಬರು, “ಅಲ್ಲ ಮಾರಾಯ್ರೇ, ತೊಳೆಯದ ದಿನಕ್ಕೂ ದುಡ್ಡು ಕೊಡುವುದು ಯಾವ ಲೆಕ್ಕ?” ಎಂದು ಕೇಳಿದರು. ಒಂದು ಸಲದ ಪಾಲಿಶ್ಶಿಗೆ ಅವರು ಎಷ್ಟು ಕೊಟ್ಟಿದ್ದರೆಂದು ನಾನು ವಿಚಾರಿಸಿದೆ. ಅದು ಅವರ ಕಾರಿಗಾಗಿ ಆ ಹುಡುಗನಿಗೆ ಸಿಗುವ ಆರು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಅವರು ಒಪ್ಪಿದರೆಂದು ಹೇಳಲಾರೆ, ಆದರೆ ಮಾತು ಮುಂದುವರಿಸಲಿಲ್ಲ. ಹದಿನೆಂಟರಲ್ಲಿ ಏಳು ಮನೆಯವರು ಅದೇ 600 ರೂಪಾಯಿಗೆ ದಿನ ಬಿಟ್ಟು ದಿನ ತೊಳೆಸಲು ಒಪ್ಪಿದ್ದಾರೆ. ನಾವು ಸೇರಿ ಕೊಂಡ ಮೈಕ್ರೊಫೈಬರ್ ಬಟ್ಟೆಗಳಲ್ಲಿ ನೀಲಿಯವು ಕಾರಿನ ಮೈಗೆ, ಹಳದಿಯವು ಚಕ್ರಕ್ಕೆ ಎಂದು ಗೊತ್ತುಮಾಡಿ ಅವನಿಗೆ ಎರಡು ಸಲ ವಿವರಿಸಿದ್ದೂ ಆಗಿದೆ. ನಿನ್ನೆ ಬೆಳಗ್ಗೆ ಕೆಳಗಿಳಿದಾಗ ನನ್ನ ಬಾನೆಟ್ಟಿನ ಮೇಲೆ ಹಳದಿ ಬಟ್ಟೆ ಒಣಗುತ್ತಿತ್ತು.